ಜಾನಪದ ದಾಖಲೆಗಳ ರಕ್ಷಣೆ ಮತ್ತು ಗಣಕದ ತಿರುಳು: ಕರ್ನಲ್ ನವೀಕರಣದ ನಿರ್ವಹಣೆ

ಜಾನಪದ ಪಠ್ಯದ ಅಸ್ತಿತ್ವ ಬಹುಕಾಲ ವಕ್ತೃವಿನ ನೆನಪನ್ನೇ ಅವಲಂಬಿಸಿತ್ತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಧ್ವನಿಸುರುಳಿಗೆ, ಬಳಿಕ ವಿಡಿಯೊ ಕ್ಯಾಸೆಟ್ಟಿಗೆ ಸಾಗಿತು. ಇಂದು ಗಣಕಯಂತ್ರದ ಕಡತವಾಗಿ ನೆಲೆಸಿದೆ. ಮಾಗಡಿಯ ಸುತ್ತ ಪ್ರಚಲಿತವಾಗಿರುವ ಕೆಂಪೇಗೌಡನ ಐತಿಹ್ಯಗಳು, ಕನಕಪುರದ ಕಾಡಂಚಿನ ಇರುಳಿಗರ ಹಾಡುಗಳು, ಚನ್ನಪಟ್ಟಣದ ಗೊಂಬೆ ಕಸುಬಿನವರ ವೃತ್ತಿಪದಗಳು, ರಾಮನಗರದ ರೇಷ್ಮೆ ನೂಲು ಬಿಚ್ಚುವವರ ಅನುಭವ ಕಥನಗಳು ಇವೆಲ್ಲ ಕ್ಷೇತ್ರಕಾರ್ಯದ ಸಾಮಗ್ರಿಗಳೇ. ಹಾಡಿದವರು ತೀರಿಕೊಂಡ ಮೇಲೆ ಇಂಥ ದಾಖಲೆಗೆ ಎರಡನೆಯ ಮೂಲವಿರುವುದಿಲ್ಲ. ಆದ್ದರಿಂದ ಕಡತವನ್ನು ಕಾಯುವ ಯಂತ್ರದ ಒಳವ್ಯವಸ್ಥೆಯ ಪಾಲನೆಯು ತಂತ್ರಜ್ಞನಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ. ಆ ಒಳವ್ಯವಸ್ಥೆಯ ಕೇಂದ್ರವಾದ ‘ಕರ್ನಲ್’ನ ನವೀಕರಣವನ್ನು ಸಂಗ್ರಹಾಲಯದ ದೃಷ್ಟಿಯಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು (1915–2005) 1994ರಲ್ಲಿ ರೂಪಿಸಿದ ಜಾನಪದ ಲೋಕವು ವಸ್ತುಗಳ ಜೊತೆಗೆ ಧ್ವನಿ ಮತ್ತು ದೃಶ್ಯಗಳ ಸಂಗ್ರಹಕ್ಕೂ ಮಹತ್ವ ನೀಡಿತು. ವಿಶ್ವವಿದ್ಯಾಲಯದ ವಿಭಾಗಗಳು ಮತ್ತು ಸ್ವತಂತ್ರ ಸಂಶೋಧಕರು ಸಹ ಇದೇ ದಾರಿಯಲ್ಲಿ ನಡೆದಿದ್ದಾರೆ. ಇಂಥ ಎಲ್ಲ ಸಂಗ್ರಹಗಳಿಗೂ ಇಲ್ಲಿನ ವಿವೇಚನೆ ಅನ್ವಯಿಸುತ್ತದೆ.

1. ಕರ್ನಲ್: ಸ್ವರೂಪ

ಕರ್ನಲ್ ಎಂದರೆ ಕಾಳಿನ ಒಳಗಿನ ತಿರುಳು. ಕಾರ್ಯಾಚರಣ ವ್ಯವಸ್ಥೆಯಲ್ಲಿ ಯಂತ್ರಾಂಶ ಮತ್ತು ಬಳಕೆಯ ತಂತ್ರಾಂಶಗಳ ನಡುವೆ ನಿಲ್ಲುವ ಭಾಗವಿದು. ಬಳಕೆದಾರನು ಹಾಡೊಂದನ್ನು ಕೇಳಬಯಸಿದಾಗ ಹಾರ್ಡ್ ಡಿಸ್ಕ್‌ನಿಂದ ಕಡತವನ್ನು ಓದುವುದು, ಸ್ಮೃತಿಯಲ್ಲಿ ಸ್ಥಳ ಒದಗಿಸುವುದು, ಧ್ವನಿ ಉಪಕರಣಕ್ಕೆ ತಲುಪಿಸುವುದು, ಆ ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಕಟ್ಟಳೆಯನ್ನು ಪಾಲಿಸುವುದು ಕರ್ನಲ್‌ನ ಕೆಲಸ. ಸರ್ವರ್‌ಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಲಿನಕ್ಸ್ ಕರ್ನಲ್ಲನ್ನು ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದರು. ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಅದರ ಹೊಸ ಆವೃತ್ತಿ ಹೊರಬರುತ್ತದೆ. ಇವುಗಳಲ್ಲಿ ಕೆಲವನ್ನು ‘ದೀರ್ಘಾವಧಿ’ ಆವೃತ್ತಿಗಳೆಂದು ಆರಿಸಿ, ವರ್ಷಗಟ್ಟಲೆ ದೋಷ ಪರಿಹಾರಗಳನ್ನು ಮಾತ್ರ ಸೇರಿಸುತ್ತಾ ಹೋಗುತ್ತಾರೆ. ಸಂಗ್ರಹಾಲಯಕ್ಕೆ ಹೊಂದುವುದು ಈ ಬಗೆಯ ಆವೃತ್ತಿಯೇ.

2. ನವೀಕರಣದ ಸಂದಿಗ್ಧ

ನವೀಕರಿಸದಿದ್ದರೆ ಒದಗುವ ಅಪಾಯಕ್ಕೆ ‘ಡರ್ಟಿ ಕೌ’ ಎಂಬ ದೋಷ ನಿದರ್ಶನ. 2007ರ ಆವೃತ್ತಿಯೊಂದರಲ್ಲಿ ನುಸುಳಿದ ಇದು 2016ರ ಅಕ್ಟೋಬರ್‌ನಲ್ಲಿ ಪರಿಹಾರವಾಯಿತು. ಓದಲು ಮಾತ್ರ ಅನುಮತಿಯಿದ್ದ ಕಡತವನ್ನು ಸಾಮಾನ್ಯ ಬಳಕೆದಾರನೂ ತಿದ್ದಲು ಇದು ಅವಕಾಶ ನೀಡುತ್ತಿತ್ತು. ಮೂಲಪಾಠವನ್ನು ಯಾರೂ ತಿದ್ದಲಾರರು ಎಂಬ ಭರವಸೆಯ ಮೇಲೆ ನಿಂತ ಸಂಗ್ರಹಕ್ಕೆ ಇದರ ಗಂಭೀರತೆಯನ್ನು ವಿವರಿಸಬೇಕಾಗಿಲ್ಲ.

ಅವಸರದಿಂದ ನವೀಕರಿಸಿದರೂ ಅಪಾಯವುಂಟು. 2023ರ ಡಿಸೆಂಬರ್‌ನಲ್ಲಿ ಡೆಬಿಯನ್ 12ಕ್ಕೆ ಬಂದ 6.1.64 ಆವೃತ್ತಿಯ ಕರ್ನಲ್‌ನಲ್ಲಿ, ಇಎಕ್ಸ್‌ಟಿ4 ಎಂಬ ಕಡತ ವ್ಯವಸ್ಥೆಯ ದತ್ತಾಂಶವನ್ನೇ ಕೆಡಿಸಬಲ್ಲ ದೋಷ ಪತ್ತೆಯಾಯಿತು. ಡೆಬಿಯನ್ ತಂಡ 12.3ರ ಬಿಡುಗಡೆಯನ್ನು ತಡೆಹಿಡಿದು, ಸರಿಪಡಿಸಿದ ಕರ್ನಲ್‌ನೊಂದಿಗೆ 12.4ನ್ನು ಅದೇ ಡಿಸೆಂಬರ್ 10ರಂದು ಹೊರತಂದಿತು. ಕೆಲವು ದಿನ ಕಾದವರಿಗೆ ಈ ತೊಂದರೆ ತಟ್ಟಲಿಲ್ಲ.

ಮೂರನೆಯದು ಹೆಚ್ಚು ಗಮನಕ್ಕೆ ಬಾರದ, ಆದರೆ ಸಂಗ್ರಹಾಲಯಗಳಿಗೆ ವಿಶೇಷವಾಗಿ ಸಂಬಂಧಿಸಿದ ಅಪಾಯ. ಹೊಸ ಕರ್ನಲ್ ಹಳೆಯದನ್ನೆಲ್ಲ ಎಂದೆಂದಿಗೂ ಹೊತ್ತುಕೊಂಡು ಸಾಗುವುದಿಲ್ಲ. 2001ರಲ್ಲಿ ಲಿನಕ್ಸ್‌ಗೆ ಸೇರಿದ ರೈಸರ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯನ್ನು 2025ರ ಜನವರಿಯಲ್ಲಿ ಬಿಡುಗಡೆಯಾದ 6.13ನೇ ಆವೃತ್ತಿಯಿಂದ ಕೈಬಿಡಲಾಯಿತು. ಆ ಕಾಲದಲ್ಲಿ ಈ ವಿಧಾನದಲ್ಲಿ ಸಿದ್ಧಪಡಿಸಿ ಬೀರುವಿನಲ್ಲಿಟ್ಟ ಡಿಸ್ಕ್ ಭೌತಿಕವಾಗಿ ಸುಸ್ಥಿತಿಯಲ್ಲಿದ್ದರೂ ಹೊಸ ಯಂತ್ರ ಅದನ್ನು ನೇರವಾಗಿ ಓದಲಾರದು. ಮಿನಿ ಡಿವಿ ಕ್ಯಾಸೆಟ್ಟಿನ ದೃಶ್ಯವನ್ನು ಗಣಕಕ್ಕೆ ಇಳಿಸಲು ಬೇಕಾದ ಫೈರ್‌ವೈರ್ ಸಂಪರ್ಕದ ಸ್ಥಿತಿಯೂ ಇದೇ ದಿಕ್ಕಿನಲ್ಲಿದೆ. ಲಿನಕ್ಸ್‌ನಲ್ಲಿ ಅದರ ನಿರ್ವಹಣೆಯನ್ನು 2029ರವರೆಗೆ ಮುಂದುವರಿಸುವ ಯೋಜನೆ 2023ರಲ್ಲಿ ಪ್ರಕಟವಾಯಿತು. ಇಂಥ ಕ್ಯಾಸೆಟ್ಟುಗಳನ್ನು ಉಳಿಸಿಕೊಂಡಿರುವ ಸಂಸ್ಥೆಗಳು ಈ ಗಡುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

3. ನಿರ್ವಹಣೆಯ ಕ್ರಮ

ಮೊದಲನೆಯದು ಪ್ರತಿ ತೆಗೆಯುವುದು. ನವೀಕರಣಕ್ಕೆ ಮುನ್ನ ಸಂಗ್ರಹದ ಪೂರ್ಣ ಪ್ರತಿಯನ್ನು ಬೇರೆ ಡಿಸ್ಕ್‌ಗೆ ಇಳಿಸಿ, ಆ ಡಿಸ್ಕನ್ನು ಯಂತ್ರದಿಂದ ಕಳಚಿಡಬೇಕು. ಪ್ರತಿಯೊಂದು ಕಡತಕ್ಕೂ ಚೆಕ್‌ಸಮ್ ತೆಗೆದಿರಿಸಬೇಕು. ಚೆಕ್‌ಸಮ್ ಎಂದರೆ ಕಡತದ ಒಳಾಂಶದಿಂದ ಲೆಕ್ಕ ಹಾಕಿ ಪಡೆದ ಗುರುತು. ಕಡತದಲ್ಲಿ ಒಂದಂಶ ಬದಲಾದರೂ ಗುರುತು ಬದಲಾಗುತ್ತದೆ. ಪಾಠಾಂತರಗಳನ್ನು ಹೋಲಿಸುವ ವಿದ್ವಾಂಸನ ಕೆಲಸವನ್ನು ಇಲ್ಲಿ ಯಂತ್ರವೇ ಮಾಡುತ್ತದೆ.

ಎರಡನೆಯದು ಪರೀಕ್ಷೆ. ಸಂಗ್ರಹವಿಲ್ಲದ, ಆದರೆ ಅದೇ ಬಗೆಯ ಯಂತ್ರಾಂಶವುಳ್ಳ ಗಣಕದಲ್ಲಿ ಹೊಸ ಕರ್ನಲ್ಲನ್ನು ಮೊದಲು ಕೆಲವು ದಿನ ಓಡಿಸಬೇಕು. ಸಂಸ್ಥೆ ಬಳಸುವ ಚಾಲಕ ತಂತ್ರಾಂಶಗಳಲ್ಲಿ ಕೆಲವು ಕರ್ನಲ್‌ನ ಹೊರಗೆ ಸಿದ್ಧವಾದವುಗಳಿರುತ್ತವೆ. ಹೊಸ ಕರ್ನಲ್‌ಗೆ ಹೊಂದುವಂತೆ ಅವನ್ನು ಮತ್ತೆ ಕಟ್ಟಬೇಕಾಗುತ್ತದೆ. ದೊಡ್ಡ ಸಂಗ್ರಹಗಳಲ್ಲಿ ಬಳಸುವ ಝಡ್‌ಎಫ್‌ಎಸ್ ಈ ವರ್ಗಕ್ಕೆ ಸೇರಿದ್ದು. ಅದು ಹೊಂದದಿದ್ದರೆ ಯಂತ್ರ ಆರಂಭವಾದರೂ ಸಂಗ್ರಹ ತೆರೆದುಕೊಳ್ಳದು.

ಮೂರನೆಯದು ಹಳೆಯದನ್ನು ಉಳಿಸಿಕೊಳ್ಳುವುದು. ಹೊಸ ಕರ್ನಲ್ಲನ್ನು ಹಳೆಯದರ ಪಕ್ಕದಲ್ಲಿ ಸ್ಥಾಪಿಸಬೇಕೇ ಹೊರತು ಅದನ್ನು ಅಳಿಸಿ ಅಲ್ಲ. ಹೊಸದು ವಿಫಲವಾದರೆ ಯಂತ್ರದ ಆರಂಭದ ಪಟ್ಟಿಯಲ್ಲಿ ಹಳೆಯದನ್ನು ಆರಿಸಿ ಕೆಲಸ ಮುಂದುವರಿಸಬಹುದು. ಹಾಗೆಂದು ಎಲ್ಲವನ್ನೂ ಉಳಿಸಿದರೆ ಆರಂಭದ ಕಡತಗಳಿಗೆ ಮೀಸಲಾದ ಚಿಕ್ಕ ವಿಭಾಗ ತುಂಬಿ, ಮುಂದಿನ ಸ್ಥಾಪನೆ ಅರ್ಧಕ್ಕೇ ನಿಲ್ಲುತ್ತದೆ. ಚಾಲ್ತಿಯಲ್ಲಿರುವುದು ಮತ್ತು ಅದರ ಹಿಂದಿನದು, ಇವೆರಡು ಸಾಮಾನ್ಯವಾಗಿ ಸಾಕು.

ನಾಲ್ಕನೆಯದು ಸಮಯದ ಆಯ್ಕೆ. ಸ್ಥಾಪಿಸಿದ ಮಾತ್ರಕ್ಕೆ ಹೊಸ ಕರ್ನಲ್ ಕಾರ್ಯಾರಂಭ ಮಾಡುವುದಿಲ್ಲ. ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಬೇಕು. 2015ರ 4.0 ಆವೃತ್ತಿಯಿಂದ, ನಿಲ್ಲಿಸದೆಯೇ ತೇಪೆ ಹಾಕುವ ಸೌಲಭ್ಯ ಬಂದಿದೆಯಾದರೂ ಅದು ಆಯ್ದ ದೋಷಗಳಿಗೆ ಮಾತ್ರ ಪರಿಹಾರ. ಪೂರ್ಣ ನವೀಕರಣಕ್ಕೆ ಬದಲಿಯಲ್ಲ. ರೇಷ್ಮೆ ಬೆಳೆಗಾರರು ಹುಳು ಪೊರೆ ಬಿಡುವ ಅವಸ್ಥೆಯನ್ನು ‘ಜ್ವರ’ ಎನ್ನುತ್ತಾರೆ. ನಾಲ್ಕು ಜ್ವರಗಳ ಪೈಕಿ ಯಾವುದರಲ್ಲಿಯೂ ಸೊಪ್ಪು ಹಾಕುವುದಿಲ್ಲ, ತಟ್ಟೆಯನ್ನು ಕದಲಿಸುವುದಿಲ್ಲ. ಹುಳು ಜ್ವರದಿಂದ ಎದ್ದ ಮೇಲೆಯೇ ಸೊಪ್ಪು. ಯಂತ್ರದ ಮರುಚಾಲನೆಯೂ ಇದೇ ಬಗೆಯ ಅವಧಿ. ಆಗ ಕಡತಗಳ ವರ್ಗಾವಣೆ ನಡೆಯುತ್ತಿರಬಾರದು, ವಿದ್ಯುತ್ ಕಡಿತವಾಗಬಾರದು. ಹೊಸ ಧ್ವನಿಮುದ್ರಣಗಳನ್ನು ಇಳಿಸುತ್ತಿರುವ ದಿನವಾಗಲಿ, ತಂತ್ರಜ್ಞ ರಜೆಗೆ ಹೊರಡುವ ಸಂಜೆಯಾಗಲಿ ಇದಕ್ಕೆ ತಕ್ಕದ್ದಲ್ಲ.

ಐದನೆಯದು ತಾಳೆ ನೋಡುವುದು. ಮರುಚಾಲನೆಯ ನಂತರ ಯಾವ ಆವೃತ್ತಿ ಓಡುತ್ತಿದೆಯೆಂದು ನೋಡಿ, ದೋಷವರದಿಗಳನ್ನು ಓದಿ, ಚೆಕ್‌ಸಮ್‌ಗಳನ್ನು ಮತ್ತೆ ಲೆಕ್ಕ ಹಾಕಿ ಮೊದಲಿನವುಗಳೊಡನೆ ಹೋಲಿಸಬೇಕು. ಕೆಲವು ಹಾಡುಗಳನ್ನಾದರೂ ಕಿವಿಯಿಂದಲೇ ಕೇಳಿ ನೋಡುವುದು ಒಳಿತು.

4. ದಾಖಲಾತಿಯ ಅಗತ್ಯ

ಕ್ಷೇತ್ರಕಾರ್ಯದಲ್ಲಿ ವಕ್ತೃವಿನ ಹೆಸರು, ಊರು, ದಿನಾಂಕ, ಸಂದರ್ಭಗಳಿಲ್ಲದ ಸಾಮಗ್ರಿಗೆ ಬೆಲೆ ಕಡಿಮೆ. ಗಣಕದ ನಿರ್ವಹಣೆಗೂ ಈ ಮಾತು ಸಲ್ಲುತ್ತದೆ. ಯಾವ ದಿನ ಯಾವ ಆವೃತ್ತಿಯಿಂದ ಯಾವುದಕ್ಕೆ ಬದಲಾಯಿಸಲಾಯಿತು, ಏಕೆ, ಯಾರು ಮಾಡಿದರು, ಏನು ಕೆಟ್ಟಿತು, ಹೇಗೆ ಸರಿಪಡಿಸಲಾಯಿತು ಎಂಬುದನ್ನು ಕನ್ನಡದಲ್ಲಿ, ಕಾಗದದ ವಹಿಯಲ್ಲಿ ಬರೆದಿಡಬೇಕು. ಯಂತ್ರವೇ ಆರಂಭವಾಗದ ದಿನ ಯಂತ್ರದೊಳಗಿನ ಟಿಪ್ಪಣಿ ಉಪಯೋಗಕ್ಕೆ ಬಾರದು. ಒಬ್ಬ ತಂತ್ರಜ್ಞನ ತಲೆಯಲ್ಲಿ ಮಾತ್ರ ಉಳಿದ ತಿಳಿವಳಿಕೆಯು ಒಬ್ಬಳೇ ಹಾಡುಗಾರ್ತಿಗೆ ಗೊತ್ತಿರುವ ಹಾಡಿನಂತೆ. ಅವನು ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ.

ಒಟ್ಟಿನಲ್ಲಿ, ಜಾನಪದ ಸಂಗ್ರಹಾಲಯದ ಮಟ್ಟಿಗೆ ಕರ್ನಲ್ ನವೀಕರಣವು ದೋಷ ನಿವಾರಣೆಯ ಕ್ರಿಯೆಯಷ್ಟೇ ಅಲ್ಲ. ಹಳೆಯ ಮಾಧ್ಯಮಗಳನ್ನು ಓದುವ ಸಾಮರ್ಥ್ಯ ಎಲ್ಲಿಯವರೆಗೆ ಉಳಿದೀತೆಂಬ ಪ್ರಶ್ನೆಯೂ ಅದರಲ್ಲಿ ಅಡಗಿದೆ. ಈ ಕಾರಣದಿಂದ ಪ್ರತಿ ಸಂಸ್ಥೆಯೂ ತನ್ನಲ್ಲಿರುವ ಡಿಸ್ಕ್, ಕ್ಯಾಸೆಟ್ ಮತ್ತು ಓದುವ ಉಪಕರಣಗಳ ಪಟ್ಟಿಯನ್ನು, ಅವುಗಳ ಕಡತ ವ್ಯವಸ್ಥೆಯ ಹೆಸರಿನೊಂದಿಗೆ ಸಿದ್ಧಪಡಿಸಬೇಕು. ಹೊಸ ಆವೃತ್ತಿಯಲ್ಲಿ ಯಾವುದನ್ನು ಕೈಬಿಡಲಾಗಿದೆ ಎಂಬುದನ್ನು ಆ ಪಟ್ಟಿಯೊಡನೆ ಹೋಲಿಸಿ, ಅಪಾಯದಲ್ಲಿರುವುದನ್ನು ಮೊದಲು ಹೊಸ ಮಾಧ್ಯಮಕ್ಕೆ ವರ್ಗಾಯಿಸಬೇಕು. ವರ್ಗಾವಣೆ ಮುಗಿಯುವವರೆಗೆ ಹಳೆಯ ಕರ್ನಲ್ ಇರುವ ಒಂದು ಯಂತ್ರವನ್ನು ಅಂತರಜಾಲದ ಸಂಪರ್ಕವಿಲ್ಲದೆ ಪ್ರತ್ಯೇಕವಾಗಿ ಉಳಿಸಿಕೊಳ್ಳುವುದು ಅಗತ್ಯ.