ದಿನಾ ಬರೆದರೆ ಸಾಕೇ?

ಬರೆಯುವ ಸಹೋದರಿಯರ ಸಂಖ್ಯೆ ಇಂದು ಹೆಚ್ಚಾಗಿದೆ. ಹಿಂದೆಲ್ಲ ಒಂದು ಲೇಖನ ಬರೆದರೆ ಅದನ್ನು ಲಕೋಟೆಗೆ ಹಾಕಿ, ಅಂಚೆಚೀಟಿ ಅಂಟಿಸಿ, ಸಂಪಾದಕರ ಉತ್ತರಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಈಗ ಒಲೆಯ ಮೇಲೆ ಅನ್ನ ಬೇಯುತ್ತಿರುವಾಗಲೇ ಮೊಬೈಲಿನಲ್ಲಿ ನಾಲ್ಕು ಸಾಲು ಬರೆದು ಕಳುಹಿಸಬಹುದು. ಕುಕ್ಕರಿನ ಸೀಟಿ ಕೂಗುವುದರೊಳಗೆ ಹತ್ತಿಪ್ಪತ್ತು ಮಂದಿ ಓದಿರುತ್ತಾರೆ. ಹೆಬ್ಬೆರಳಿನ ಚಿತ್ರ ಬರುತ್ತದೆ, "ಸೂಪರ್", "ಮಾಶಾ ಅಲ್ಲಾಹ್" ಬರುತ್ತದೆ. ಸಂತೋಷವೇ. ಆದರೆ ತಿದ್ದುವವರು ಮಾತ್ರ ಇಲ್ಲ. ಹೀಗಾಗಿ ಐದಾರು ವರ್ಷಗಳಿಂದ ದಿನವೂ ಬರೆಯುತ್ತಿದ್ದರೂ ಮೊದಲ ವರ್ಷ ಇದ್ದಲ್ಲೇ ಉಳಿದಿರುವವರು ಅನೇಕರಿದ್ದಾರೆ. ಹೇಳಬೇಕೆಂದಿದ್ದ ಮಾತು ಗಟ್ಟಿಯಾದದ್ದೇ. ಅದು ಓದುವವರಿಗೆ ತಲುಪುವುದಿಲ್ಲ, ಅಷ್ಟೆ.

ಸ್ವೀಡನ್ ಮೂಲದ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್‌ಸನ್ ಇಡೀ ಜೀವನ ಅಭ್ಯಾಸದ ಬಗ್ಗೆಯೇ ಅಧ್ಯಯನ ನಡೆಸಿದವರು. ಬರ್ಲಿನ್‌ನ ಪಿಟೀಲು ವಿದ್ಯಾರ್ಥಿಗಳನ್ನು ಗಮನಿಸಿ ಅವರೂ ಅವರ ಸಂಗಡಿಗರೂ 1993ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅದರಿಂದಲೇ "ಹತ್ತು ಸಾವಿರ ಗಂಟೆ ಅಭ್ಯಾಸ ಮಾಡಿದರೆ ಯಾರೂ ನಿಪುಣರಾಗಬಹುದು" ಎಂಬ ಮಾತು ಹುಟ್ಟಿಕೊಂಡು, 2008ರ ನಂತರ ಎಲ್ಲೆಡೆ ಹಬ್ಬಿತು. ತಾನು ಹೇಳಿದ್ದು ಅದಲ್ಲ ಎಂದು ಎರಿಕ್‌ಸನ್ 2020ರಲ್ಲಿ ತೀರಿಕೊಳ್ಳುವವರೆಗೂ ಹೇಳುತ್ತಲೇ ಇದ್ದರು. ಗಂಟೆಗಳ ಲೆಕ್ಕ ಮುಖ್ಯವಲ್ಲ. ನಮಗೆ ಬಾರದ ಒಂದು ಅಂಶವನ್ನು ಆರಿಸಿ, ಅದನ್ನೇ ಮತ್ತೆ ಮತ್ತೆ ಮಾಡಿ, ಎಲ್ಲಿ ತಪ್ಪಿತೆಂದು ನೋಡಿ ತಿದ್ದಿಕೊಳ್ಳುವುದೇ ಅಭ್ಯಾಸ. ಅಭ್ಯಾಸವೊಂದರಿಂದಲೇ ಎಲ್ಲವೂ ಸಾಧ್ಯವಿಲ್ಲವೆಂದು ಬೇರೆ ಸಂಶೋಧಕರು ತಕರಾರು ತೆಗೆದದ್ದೂ ಉಂಟು. ಇರಲಿ. ಬರವಣಿಗೆಯಲ್ಲಿ ಇದನ್ನು ಮಾಡುವುದು ಹೇಗೆ? ಪಿಟೀಲಿಗಾದರೆ ಗುರುಗಳಿದ್ದಾರೆ.

ಗುರುವಿಲ್ಲದೆ ಇದನ್ನು ಮಾಡಿ ತೋರಿಸಿದ ಒಬ್ಬ ಹುಡುಗನಿದ್ದ. ಅಮೆರಿಕಾದ ಬೋಸ್ಟನ್ ನಗರದಲ್ಲಿ 1706ರಲ್ಲಿ ಹುಟ್ಟಿದ ಬೆಂಜಮಿನ್ ಫ್ರಾಂಕ್ಲಿನ್. ತಂದೆ ಸಾಬೂನು, ಮೇಣದಬತ್ತಿ ತಯಾರಿಸುತ್ತಿದ್ದರು. ಮನೆ ತುಂಬ ಮಕ್ಕಳು. ಈತ ಶಾಲೆಗೆ ಹೋದದ್ದು ಎರಡು ವರ್ಷಕ್ಕಿಂತ ಕಡಿಮೆ. ಹನ್ನೆರಡನೇ ವಯಸ್ಸಿಗೆ ಅಣ್ಣನ ಮುದ್ರಣಾಲಯದಲ್ಲಿ ಕೆಲಸಕ್ಕೆ ಸೇರಿಸಲಾಯಿತು. ಅಲ್ಲಿ ಗೆಳೆಯನೊಬ್ಬನೊಡನೆ ವಾದ ಹುಟ್ಟಿತು. ವಿಷಯ ಏನು ಗೊತ್ತೇ? ಹೆಣ್ಣುಮಕ್ಕಳಿಗೆ ವಿದ್ಯೆ ಕೊಡಬೇಕೇ ಬೇಡವೇ ಎಂಬುದು! ಬೇಡವೆಂದು ಗೆಳೆಯ, ಬೇಕೆಂದು ಈತ. ವಾದ ಪತ್ರಗಳಲ್ಲೂ ಮುಂದುವರಿಯಿತು. ಒಂದು ದಿನ ಪತ್ರಗಳು ತಂದೆಯ ಕಣ್ಣಿಗೆ ಬಿದ್ದವು. ಯಾರ ವಾದ ಸರಿ ಎಂಬ ಗೋಜಿಗೆ ತಂದೆ ಹೋಗಲಿಲ್ಲ. "ಕಾಗುಣಿತ, ವಿರಾಮಚಿಹ್ನೆಗಳಲ್ಲಿ ನೀನು ಮುಂದಿದ್ದೀ. ಆದರೆ ಮಾತಿನ ಸೊಗಸು, ಕ್ರಮ, ಸ್ಪಷ್ಟತೆಯಲ್ಲಿ ಆತ ನಿನಗಿಂತ ಮೇಲು" ಎಂಬರ್ಥದಲ್ಲಿ ಹೇಳಿ, ಉದಾಹರಣೆಗಳನ್ನೂ ತೋರಿಸಿದರು. ನ್ಯಾಯ ತನ್ನ ಕಡೆಗಿದ್ದೂ ಬರಹದಲ್ಲಿ ಸೋಲುವುದೆಂದರೆ ಇದೇ.

ಹುಡುಗ ಮುನಿಸಿಕೊಳ್ಳಲಿಲ್ಲ. ಇಂಗ್ಲೆಂಡಿನ 'ಸ್ಪೆಕ್ಟೇಟರ್' ಪತ್ರಿಕೆಯ ಬಿಡಿ ಸಂಪುಟವೊಂದು ಅವನ ಕೈಗೆ ಸಿಕ್ಕಿತು. ಬರಹ ಬಹಳ ಹಿಡಿಸಿತು. ಅದರಿಂದ ಒಂದು ಪ್ರಬಂಧವನ್ನು ಓದಿ, ಪ್ರತಿ ವಾಕ್ಯದ ಸಾರವನ್ನು ಒಂದೆರಡು ಪದಗಳಲ್ಲಿ ಗುರುತು ಹಾಕಿಕೊಂಡ. ಕೆಲವು ದಿನ ಅದನ್ನು ಹಾಗೆಯೇ ಬಿಟ್ಟ. ಆಮೇಲೆ ಪುಸ್ತಕ ನೋಡದೆ ಆ ಗುರುತುಗಳಿಂದಲೇ ಪ್ರಬಂಧವನ್ನು ತನ್ನ ಮಾತಿನಲ್ಲಿ ಪೂರ್ತಿ ಬರೆದ. ನಂತರ ಮೂಲದೊಡನೆ ಹೋಲಿಸಿ ತನ್ನ ತಪ್ಪುಗಳನ್ನು ತಾನೇ ಹಿಡಿದು ತಿದ್ದಿದ. ಪದಗಳ ಕೊರತೆ ಕಾಣಿಸಿತು. ಅದಕ್ಕಾಗಿ ಕಥೆಗಳನ್ನು ಪದ್ಯವಾಗಿಸಿ, ಸ್ವಲ್ಪ ಮರೆತ ನಂತರ ಪುನಃ ಗದ್ಯಕ್ಕೆ ತಂದ. ವಿಚಾರಗಳ ಕ್ರಮ ಕಲಿಯಲು ಗುರುತಿನ ಚೀಟಿಗಳನ್ನು ಕಲಸಿಬಿಟ್ಟು, ಕೆಲವು ವಾರಗಳ ಬಳಿಕ ಸರಿಯಾಗಿ ಜೋಡಿಸಲು ಯತ್ನಿಸಿದ. ಕೆಲವು ಸಣ್ಣಪುಟ್ಟ ಕಡೆ ಮೂಲಕ್ಕಿಂತ ತನ್ನದೇ ಚೆನ್ನಾಗಿದೆ ಎನಿಸಿದಾಗ ಅವನಿಗಾದ ಖುಷಿಯನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಇದಕ್ಕೆಲ್ಲ ಸಮಯ? ಬೆಳಿಗ್ಗೆ ಕೆಲಸಕ್ಕೆ ಮುಂಚೆ, ರಾತ್ರಿ ಕೆಲಸ ಮುಗಿದ ಮೇಲೆ, ಮತ್ತು ಭಾನುವಾರ.

1722ರಲ್ಲಿ ಆತ ವಿಧವೆಯೊಬ್ಬಳ ಹೆಸರಿನಲ್ಲಿ ಹದಿನಾಲ್ಕು ಪತ್ರಗಳನ್ನು ಬರೆದ. ಮೊದಲನೆಯದನ್ನು ರಾತ್ರಿ ಮುದ್ರಣಾಲಯದ ಬಾಗಿಲಡಿ ತೂರಿಸಿಟ್ಟ. ಅಣ್ಣ ಅದನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ. ಅಣ್ಣನ ಗೆಳೆಯರು ಊರಿನ ವಿದ್ವಾಂಸರಲ್ಲಿ ಯಾರು ಬರೆದಿರಬಹುದೆಂದು ಊಹಿಸುತ್ತಿದ್ದರೆ, ಹದಿನಾರರ ತಮ್ಮ ಪಕ್ಕದಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಆ ಪತ್ರಗಳಲ್ಲೊಂದು ಹೆಣ್ಣುಮಕ್ಕಳ ವಿದ್ಯೆಯ ಪರವಾಗಿಯೇ ಇತ್ತು.

ಈ ವಿಧಾನಕ್ಕೆ ಕಾಸಿನ ಖರ್ಚಿಲ್ಲ. ನಿಮಗೆ ಮೆಚ್ಚುಗೆಯಾದ ಒಂದು ಪುಟದ ಬರಹ, ಒಂದು ನೋಟ್ ಪುಸ್ತಕ ಇದ್ದರಾಯಿತು. ಪದ್ಯ ಕಟ್ಟುವುದು ಎಲ್ಲರಿಗೂ ಒಗ್ಗದು. ಅದರ ಬದಲಿಗೆ ನಮ್ಮಲ್ಲಿ ಒಂದು ಸುಲಭ ದಾರಿ ಇದೆ. ನಮ್ಮಲ್ಲಿ ಹೆಚ್ಚಿನವರ ಮನೆಮಾತು ಬ್ಯಾರಿ, ಉರ್ದು ಅಥವಾ ನವಾಯತಿ. ಕನ್ನಡದಲ್ಲಿ ಓದಿದ ಪ್ಯಾರಾವನ್ನು ಮನೆಮಾತಿನಲ್ಲಿ ಮಕ್ಕಳಿಗೆ ಹೇಳಿ. ವಾರ ಕಳೆದ ಮೇಲೆ ನೆನಪಿನಿಂದ ಕನ್ನಡದಲ್ಲಿ ಬರೆದು ಮೂಲದೊಡನೆ ಹೋಲಿಸಿ. ಯಾವ ಪದ ಕೈಗೆ ಸಿಗಲಿಲ್ಲವೆಂದು ಆಗ ತಿಳಿಯುತ್ತದೆ. ಮನೆಮಾತು ಬೇರೆ ಎಂಬುದು ಅಡ್ಡಿಯೇನಲ್ಲ. ಬಾನು ಮುಷ್ತಾಕ್ ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಶಾಲೆಗೆ ಸೇರಿದ್ದು ಆರು ತಿಂಗಳೊಳಗೆ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ. ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು.

ಒಂದು ಸಲಕ್ಕೆ ಒಂದೇ ದೋಷ ಹಿಡಿಯಿರಿ. ಈ ವಾರ ಅಲ್ಪಪ್ರಾಣ, ಮಹಾಪ್ರಾಣ ಮಾತ್ರ. ಮೊಬೈಲಿಗೆ ಮಾತಾಡಿ ಬರೆಸುವವರಂತೂ ಇದನ್ನು ನೋಡಲೇಬೇಕು. ಮುಂದಿನ ವಾರ "ಹೋಗಿ, ನೋಡಿ, ಮಾತಾಡಿ, ಬಂದು" ಎಂದು ರೈಲಿನಂತೆ ಸಾಗುವ ವಾಕ್ಯಗಳನ್ನು ಎರಡಾಗಿ ಕತ್ತರಿಸುವುದು. ಮತ್ತೊಂದು ವಾರ "ತುಂಬಾ", "ಬಹಳ" ಎಂಬ ಪದಗಳನ್ನು ಬಿಟ್ಟು ಬರೆಯುವುದು. "ಅಜ್ಜಿ ತುಂಬಾ ಕಷ್ಟಪಟ್ಟು ನಮ್ಮನ್ನು ಓದಿಸಿದರು" ಎಂದರೆ ಓದುವವರು ಮುಂದೆ ಹೋಗಿಬಿಡುತ್ತಾರೆ. "ಅಜ್ಜಿ ರಾತ್ರಿ ಹನ್ನೊಂದರವರೆಗೆ ಬೀಡಿ ಕಟ್ಟಿ ನಮ್ಮ ಶಾಲೆಯ ಫೀಸು ಕೊಟ್ಟರು" ಎಂದರೆ ನಿಲ್ಲುತ್ತಾರೆ. ಅಜ್ಜಿ ಅವರಿಗೆ ಕಾಣಿಸುತ್ತಾರೆ.

ಫ್ರಾಂಕ್ಲಿನ್‌ಗೆ ತಂದೆ ಮಾಡಿದ ಉಪಕಾರವನ್ನು ನಮಗೂ ಯಾರಾದರೂ ಮಾಡಬೇಕು. ಬರೆದದ್ದನ್ನು ನೂರು ಜನರಿಗೆ ಕಳುಹಿಸುವ ಮುಂಚೆ ಒಬ್ಬರಿಗೆ ತೋರಿಸಿ. ಹೈಸ್ಕೂಲು ಓದುವ ಮಗಳಾದರೂ ಸರಿ, ಪಕ್ಕದ ಮನೆಯ ಟೀಚರಾದರೂ ಸರಿ. ಆದರೆ "ಹೇಗಿದೆ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಚೆನ್ನಾಗಿದೆ ಎಂದೇ ಹೇಳುತ್ತಾರೆ, ಪಾಪ, ಅವರೇನು ಮಾಡಿಯಾರು! ಕೈಗೆ ಒಂದು ಪೆನ್ಸಿಲ್ ಕೊಡಿ. ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಬೇಸರ ಬಂತು, ಅಲ್ಲಿ ಒಂದು ಗೆರೆ ಎಳೆಯಲು ಹೇಳಿ, ನೀವು ಅಡುಗೆ ಮನೆಗೆ ಹೋಗಿಬಿಡಿ.