ಊರಂಚಿನ ಚಿರತೆಯೂ ಬೋನಿನ ಉಪಾಯವೂ

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು ತಾಲ್ಲೂಕುಗಳ ಗ್ರಾಮಗಳಲ್ಲಿ ಕುರಿಯೋ ಕರುವೋ ಚಿರತೆಯ ಪಾಲಾದ ಮರುದಿವಸವೇ ಗ್ರಾಮಸ್ಥರೆಲ್ಲರೂ ಒಟ್ಟುಗೂಡಿ, ಬೋನನ್ನಿರಿಸಿ ಆ ಮೃಗವನ್ನು ಹಿಡಿದು ದೂರದ ಅರಣ್ಯಕ್ಕೆ ಸಾಗಿಸಬೇಕೆಂದು ಅರಣ್ಯ ಇಲಾಖೆಯವರನ್ನು ಒತ್ತಾಯಪಡಿಸುವುದು ವಾಡಿಕೆಯಾಗಿದೆ. ಕರೆಯುವ ಹಸುವನ್ನು ಕಳೆದುಕೊಂಡವನಿಗೆ ತಾಳ್ಮೆಯನ್ನು ಬೋಧಿಸುವುದು ಸುಲಭವೂ ಅಲ್ಲ, ಉಚಿತವೂ ಅಲ್ಲ. ಆದರೂ ಬೋನಿನಿಂದ ಉಪದ್ರವವು ನಿಜವಾಗಿ ತಗ್ಗುವುದೋ ಇಲ್ಲವೋ ಎಂಬುದನ್ನು ಗ್ರಾಮದ ಮುಖಂಡರೂ ಭೂಹಿಡುವಳಿದಾರರೂ ವಿಚಾರಮಾಡುವುದು ಅವಶ್ಯಕವಾಗಿದೆ. ಏತಕ್ಕೆಂದರೆ ಇಂತಹ ಸಂದರ್ಭಗಳಲ್ಲಿ ಊರಿನವರು ನಡೆಯುವುದು ಅವರ ಮಾತಿನಂತೆಯೇ.

ಬೇಲೂರು, ಹಳೇಬೀಡುಗಳ ದೇವಾಲಯಗಳಲ್ಲಿ ಮೃಗದೊಡನೆ ಹೋರಾಡುವ ಸಳನ ವಿಗ್ರಹವನ್ನು ಕಂಡು ಬೆಳೆದ ನಮ್ಮ ಜನರಲ್ಲಿ, ಕ್ರೂರಮೃಗವೆಂದರೆ ಅಡವಿಯಿಂದ ದಾರಿತಪ್ಪಿ ಊರಿಗೆ ನುಗ್ಗಿದ ಶತ್ರುವೆಂಬ ಭಾವನೆಯು ಬೇರೂರಿದೆ. ಚಿರತೆಯ ವಿಷಯದಲ್ಲಿ ಇದು ಸರಿಯಲ್ಲ. ಅರಸೀಕೆರೆಯ ಸುತ್ತಣ ಬಂಡೆಗುಡ್ಡಗಳು, ಕುರುಚಲು ಕಾಡು, ಹಾಳುಬಿದ್ದ ಗೋಮಾಳ, ಕೆರೆಯ ಹಿಂಭಾಗದ ಪೊದೆ, ಆಳೆತ್ತರ ಬೆಳೆದ ಜೋಳದ ಹೊಲ, ಇವೆಲ್ಲವೂ ಅದಕ್ಕೆ ವಾಸಸ್ಥಾನಗಳೇ ಆಗಿವೆ. ಹಗಲಿನಲ್ಲಿ ಕಲ್ಲುಗವಿಯಲ್ಲಿಯೋ ಪೊದೆಯಲ್ಲಿಯೋ ಅಡಗಿದ್ದು, ಜನಸಂಚಾರವು ನಿಂತ ಬಳಿಕ ಮನೆಗಳ ಹಿಂದೆಯೇ ಸಂಚರಿಸಿ, ಬೆಳಗಾಗುವುದರೊಳಗಾಗಿ ಮರಳುತ್ತದೆ. ಹೀಗೆ ವರ್ಷಗಟ್ಟಲೆ ಊರಿನ ಪಕ್ಕದಲ್ಲಿ ಬಾಳಿದರೂ ಅದು ಯಾರ ಕಣ್ಣಿಗೂ ಬೀಳದಿರಬಹುದು. 2022ನೆಯ ಸಾಲಿನ ರಾಷ್ಟ್ರೀಯ ಗಣತಿಯು ಕರ್ನಾಟಕದಲ್ಲಿ 1,879 ಚಿರತೆಗಳಿರುವುವೆಂದು ಅಂದಾಜುಮಾಡಿದೆ. ಆ ಗಣತಿಯು ಮುಖ್ಯವಾಗಿ ಅರಣ್ಯ ಪ್ರದೇಶಗಳಲ್ಲಿ ನಡೆದುದಾದ್ದರಿಂದ ಹೊಲಗದ್ದೆಗಳ ನಡುವೆ ಬಾಳುವ ಚಿರತೆಗಳು ಅದರಲ್ಲಿ ಪೂರ್ತಿಯಾಗಿ ಸೇರಿಲ್ಲ.

ಕಾಡುಮೃಗಗಳು ವಿರಳವಾಗಿರುವ ಇಂತಹ ಬಯಲುಸೀಮೆಯಲ್ಲಿ ಚಿರತೆಯು ಏನನ್ನು ತಿಂದು ಜೀವಿಸುತ್ತದೆ? ಮಹಾರಾಷ್ಟ್ರದ ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಅಕೋಲೆ ಪ್ರಾಂತದಲ್ಲಿ ವಿದ್ಯಾ ಅತ್ರೇಯ ಮತ್ತು ಅವರ ಸಂಗಡಿಗರು ಚಿರತೆಯ ಮಲವನ್ನು ಸಂಗ್ರಹಿಸಿ ಪರೀಕ್ಷಿಸಿದರು. ಅಲ್ಲಿಯೂ ದಟ್ಟವಾದ ಅರಣ್ಯವಿಲ್ಲ. ಕಬ್ಬು ಮೊದಲಾದ ಬೆಳೆಗಳೂ ಹಳ್ಳಿಗಳೂ ಮಾತ್ರ. ಚಿರತೆಯ ಆಹಾರದ ತೂಕದಲ್ಲಿ ನೂರಕ್ಕೆ 87 ಪಾಲು ಸಾಕುಪ್ರಾಣಿಗಳದೆಂದೂ, ಅದರೊಳಗೆ ನಾಯಿಯ ಪಾಲೊಂದೇ 39 ಎಂದೂ ಕಂಡುಬಂದಿತು. ಆ ಸೀಮೆಯಲ್ಲಿ ಆಡುಗಳು ನಾಯಿಗಳಿಗಿಂತ ಏಳು ಪಟ್ಟು ಹೆಚ್ಚಾಗಿದ್ದರೂ ಆಡಿನ ಪಾಲು 11 ಮಾತ್ರ. ಆಡಿಗೆ ರಾತ್ರಿ ಕೊಟ್ಟಿಗೆಯುಂಟು, ಹಗಲು ಕಾಯುವವನುಂಟು. ಬೀದಿನಾಯಿಗೆ ಎರಡೂ ಇಲ್ಲ. ನಮ್ಮ ಊರುಗಳಲ್ಲಿ ಸತ್ತ ದನವನ್ನು ಊರಾಚೆಯ ಹಳ್ಳಕ್ಕೆ ಎಸೆಯುವುದರಿಂದಲೂ, ಕೋಳಿ ಅಂಗಡಿಯ ಕಸವನ್ನು ರಸ್ತೆಯ ಬದಿಗೆ ಸುರಿಯುವುದರಿಂದಲೂ ನಾಯಿಗಳ ಸಂಖ್ಯೆಯು ಬೆಳೆಯುತ್ತದೆ. ನಾಯಿ ಹೇರಳವಾದಲ್ಲಿ ಚಿರತೆಗೆ ಆಹಾರಕ್ಕೆ ಕೊರತೆಯಿಲ್ಲ. ಚಿರತೆಗೆ ಅನ್ನವಿಕ್ಕುವವರು ನಾವೇ ಎಂದರೆ ಕೆಲವರಿಗೆ ಕೋಪ ಬಂದೀತು. ಆದರೂ ಸಂಗತಿ ಅದೇ ಆಗಿದೆ.

ಇನ್ನು ಬೋನಿನ ವಿಷಯ. ಪುಣೆ ಜಿಲ್ಲೆಯ ಜುನ್ನರ್ ಪ್ರಾಂತದಲ್ಲಿ 2001ನೆಯ ಇಸವಿಯಿಂದ ಚಿರತೆಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ಬೇರೆಡೆಯ ಕಾಡುಗಳಿಗೆ ಬಿಡಲಾಯಿತು. ಅದಕ್ಕೆ ಮುಂಚೆ ಅಲ್ಲಿ ಮನುಷ್ಯರ ಮೇಲೆ ಸರಾಸರಿ ವರ್ಷಕ್ಕೆ 4 ಆಕ್ರಮಣಗಳು ನಡೆಯುತ್ತಿದ್ದುವು. ಈ ಕ್ರಮವು ಆರಂಭವಾದ ಬಳಿಕ ಅವು 17ಕ್ಕೆ ಏರಿದುವು. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ವಯಸ್ಸಾದ ಚಿರತೆಯು ತನ್ನ ಸೀಮೆಯ ಪ್ರತಿಯೊಂದು ಓಣಿಯನ್ನೂ ಬಲ್ಲುದು. ಯಾವ ಹೊತ್ತಿನಲ್ಲಿ ಎಲ್ಲಿ ಜನರಿರುವರೆಂಬುದನ್ನು ಅರಿತು ದೂರವಿರುತ್ತದೆ. ಅದನ್ನು ತೆಗೆದೊಡನೆ ನೆಲೆಯಿಲ್ಲದೆ ಅಲೆಯುತ್ತಿದ್ದ ಎಳೆಯ ಚಿರತೆಗಳು ತೆರವಾದ ಸ್ಥಳಕ್ಕೆ ಬಂದು ಸೇರುತ್ತವೆ. ಬೋನಿನಲ್ಲಿ ಗಾಯಗೊಂಡು, ಗುರುತಿಲ್ಲದ ನಾಡಿನಲ್ಲಿ ಬಿಡಲ್ಪಟ್ಟ ಮೃಗವಾದರೋ ಆಹಾರ ಕಾಣದೆ ಹತ್ತಿರದ ಹಳ್ಳಿಯನ್ನೇ ಹುಡುಕುತ್ತದೆ, ಇಲ್ಲವೆ ಹೊರಟುಹೋಗುತ್ತದೆ. 2009ರಲ್ಲಿ ಅಹಮದನಗರ ಜಿಲ್ಲೆಯ ಬಾವಿಯೊಂದರಿಂದ ಎತ್ತಿ, ಕೊರಳಿಗೆ ಪಟ್ಟಿ ತೊಡಿಸಿ, ಮಾಳ್ಶೇಜ್ ಘಟ್ಟದಲ್ಲಿ ಬಿಟ್ಟ ಚಿರತೆಯೊಂದು ಸುಮಾರು 120 ಕಿಲೋಮೀಟರ್ ನಡೆದು ಮುಂಬಯಿಯನ್ನು ಸೇರಿತು! ದಾರಿಯಲ್ಲಿ ಅದು ಯಾವ ಮನುಷ್ಯನಿಗೂ ಹಾನಿಮಾಡಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಬೇಲೂರಿನ ಪಶ್ಚಿಮಕ್ಕೆ, ಬಿಕ್ಕೋಡು ಅರೇಹಳ್ಳಿಗಳ ಕಾಫಿ ತೋಟಗಳವರಿಗೆ ಇದೇ ಪಾಠವನ್ನು ಆನೆಗಳು ಕಲಿಸಿವೆ. ಉಚ್ಚ ನ್ಯಾಯಾಲಯದ ಸೂಚನೆಯಂತೆ ನೇಮಕವಾದ ಆನೆ ಕಾರ್ಯಪಡೆಯು 2012ರಲ್ಲಿ ವರದಿಯನ್ನು ಕೊಟ್ಟ ತರುವಾಯ, 2014ರಲ್ಲಿ ಆಲೂರು ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ತೋಟದ ನೆರಳು, ನೀರು, ಹಲಸು, ಬಾಳೆ, ಭತ್ತಗಳು ಇದ್ದಲ್ಲಿಯೇ ಇದ್ದುದರಿಂದ ಬೇರೆ ಆನೆಗಳು ಬಂದು ಸೇರಿದುವು. ಆನೆಯ ಇರವನ್ನು ಮೊಬೈಲ್ ಸಂದೇಶದಿಂದ ಮುಂಚಿತವಾಗಿ ತಿಳಿಸಿ ಕೂಲಿಕಾರರನ್ನು ಎಚ್ಚರಿಸುವ ಏರ್ಪಾಡು ಆ ಭಾಗದಲ್ಲಿ ಪ್ರಾಣಗಳನ್ನು ಉಳಿಸಲು ಹೆಚ್ಚು ಸಹಾಯಕವಾಗಿದೆಯೆಂದು ನಮ್ಮ ಅಭಿಪ್ರಾಯ.

ಚಿರತೆಯ ವಿಷಯದಲ್ಲಿ ಹಿಡುವಳಿದಾರರ ಕೈಯಲ್ಲಿರುವ ಮುಖ್ಯ ಉಪಾಯವೆಂದರೆ ಕೊಟ್ಟಿಗೆ. ತೆಂಗಿನ ಗರಿಯ ತಟ್ಟಿ, ಮುಳ್ಳಿನ ಬೇಲಿ, ತೆರೆದ ಮಾಡು ಇವು ಚಿರತೆಯನ್ನು ತಡೆಯಲಾರವು. ಅದು ಏರಿಬರುವ ಪ್ರಾಣಿ. ನಾಲ್ಕು ಕಡೆಯೂ ಮೇಲ್ಗಡೆಯೂ ಬಲವಾದ ತಂತಿಬಲೆಯಿಂದ ಮುಚ್ಚಿ, ಬಾಗಿಲಿಗೆ ಅಗಳಿಯಿರಿಸಿದರೆ ಸಾಕು. ತೋಟದ ಮನೆಯಲ್ಲಿ ಕರುವನ್ನು ಹೊರಗೆ ಕಟ್ಟುವ ಅಭ್ಯಾಸವನ್ನು ಬಿಡತಕ್ಕದ್ದು. ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಬಯಲಿಗೆ ಕಳುಹಿಸಕೂಡದು. ಹಂದಿಗೆಂದು ಬೇಲಿಯಲ್ಲಿ ಉರುಳನ್ನು ಒಡ್ಡುವುದಂತೂ ಕೇವಲ ಅಪಾಯಕರ. ಅದರಲ್ಲಿ ಸಿಕ್ಕಿದ ಚಿರತೆಯು ನೋಡಬಂದವರ ಮೇಲೆ ಬೀಳುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಪ್ರಕಾರ ಅದು ಅಪರಾಧವೂ ಹೌದು. ಜಾನುವಾರು ಸತ್ತಲ್ಲಿ ಕಳೇಬರವನ್ನು ಕದಲಿಸದೆ ವಲಯ ಅರಣ್ಯಾಧಿಕಾರಿಗಳಿಗೂ ಪಶುವೈದ್ಯರಿಗೂ ಕೂಡಲೇ ತಿಳಿಸಿದರೆ ಪರಿಹಾರಧನವು ದೊರೆಯಲು ಅನುಕೂಲವಾಗುತ್ತದೆ. ಕಳೇಬರಕ್ಕೆ ವಿಷವಿಕ್ಕಬಾರದು.

ಬೆಳೆ ಕೊಯ್ಯುವಾಗ ಮರಿಗಳು ಕಂಡುಬಂದಲ್ಲಿ ಅವನ್ನು ಎತ್ತಿಕೊಂಡು ಊರಿಗೆ ತರುವ ಅಭ್ಯಾಸವೊಂದುಂಟು. ಮರಿಗಳನ್ನು ಕಳೆದುಕೊಂಡ ತಾಯಿಯು ಅದೇ ಹೊಲದ ಸುತ್ತ ಅಲೆಯುವುದರಿಂದ ಇದರಷ್ಟು ಅಪಾಯಕರವಾದ ಕೆಲಸವು ಮತ್ತೊಂದಿಲ್ಲ. ಆ ಮೂಲೆಯ ಕೊಯ್ಲನ್ನು ನಿಲ್ಲಿಸಿ, ಆಳುಗಳನ್ನು ಹಿಂದಕ್ಕೆ ಕರೆದು, ಅರಣ್ಯ ಸಿಬ್ಬಂದಿಗೆ ತಿಳಿಸಿ, ಮರಿಗಳು ಸಿಕ್ಕಿದ ಸ್ಥಳದಲ್ಲಿಯೇ ಇರುವಂತೆ ನೋಡಿಕೊಂಡರೆ, ಸಾಮಾನ್ಯವಾಗಿ ತಾಯಿಯು ರಾತ್ರಿಯಲ್ಲಿ ಬಂದು ಅವನ್ನು ಕಚ್ಚಿಕೊಂಡು ಬೇರೆಡೆಗೆ ಹೊರಟುಹೋಗುತ್ತದೆ.