ವಾಯ್ಸ್‌ಮೇಲ್ ತುಂಬ ಬರೀ ಟೂಂ ಟೂಂ!

ಹೊಸೂರು ಸಿಪ್ಕಾಟ್‌ನಲ್ಲಿ ನಿಮ್ಮದೊಂದು ಸಣ್ಣ ಘಟಕ. ಬೆಳಿಗ್ಗೆ ಬಂದು ವಾಯ್ಸ್‌ಮೇಲ್ ಕೇಳಿದರೆ ಮಾತೇ ಇಲ್ಲ, ಬರೀ ಟೂಂ... ಟೂಂ... ಮೇಲ್‌ಬಾಕ್ಸೂ ಭರ್ತಿ!

ಅಳಿಸಿದರೆ ನಾಳೆ ಮತ್ತೆ ತುಂಬುತ್ತದೆ. ಮೂಲ ಬೇರೆ ಕಡೆ ಇದೆ. ಕರೆ ಮಾಡಿದವರು ಫೋನ್ ಇಟ್ಟಮೇಲೆ ನಿಮ್ಮ 04344 ಲೈನಿನಲ್ಲಿ ಬ್ಯುಸಿ ಟೋನ್ ಬರುತ್ತದೆ: 400 ಹರ್ಟ್ಸ್, ಮುಕ್ಕಾಲು ಸೆಕೆಂಡ್ ಸದ್ದು, ಮುಕ್ಕಾಲು ಸೆಕೆಂಡ್ ಮೌನ. ಆಫೀಸಿನ ಫೋನ್ ಎಕ್ಸ್‌ಚೇಂಜ್ (ಇಪಿಎಬಿಎಕ್ಸ್) ಬೇರೆ ದೇಶದ ಟೋನಿಗೆ ಹೊಂದಿಕೊಂಡಿದ್ದರೆ ಕರೆ ಮುಗಿದದ್ದೇ ಅದಕ್ಕೆ ತಿಳಿಯದೆ, ರೆಕಾರ್ಡ್ ಮಾಡುತ್ತಲೇ ಇರಬಹುದು. ಸರ್ವಿಸ್‌ನವರಿಗೆ ಹೇಳಿ: ಟೋನ್ ಸೆಟ್ಟಿಂಗ್ ಇಂಡಿಯಾಗೆ ಬದಲಿಸಿ.

ಇನ್ನೊಂದು ತೊಂದರೆ: ಕರೆಂಟ್ ಹೋಗಿ ಬಂದಮೇಲೆ ಇಪಿಎಬಿಎಕ್ಸ್ ಹಗಲಲ್ಲೇ 'ಆಫೀಸ್ ಮುಚ್ಚಿದೆ' ಅನ್ನುತ್ತಿದೆಯೇ? ಅದರ ಗಡಿಯಾರ ನೋಡಿ, ಒಳಗಿನ ಬ್ಯಾಟರಿ ನೋಡಿ. ಒಂದು ಕರೆ ತಪ್ಪಿದರೂ ಹೊಟ್ಟೆ ಉರಿಯುತ್ತದೆ.

ಈಗಲೇ ಮೊಬೈಲಿನಿಂದ ಆಫೀಸಿಗೆ ಕರೆ ಮಾಡಿ, ಒಂದು ಮಾತು ಹೇಳಿ, ಫೋನ್ ಇಟ್ಟು, ವಾಯ್ಸ್‌ಮೇಲ್ ಕೇಳಿ ನೋಡಿ.